ಹತ್ತೊಂಬತ್ತನೆಯ ಗಾಜು

ಹದಿಮೂರು ಗಾಜು ಸರಿಯಾಗಿದ್ದವು. ಹದಿನಾಲ್ಕನೆಯದರ ಅಂಚನ್ನು ಕೆರೆದಾಗ ನನ್ನ ಉಗುರಿನ ತುಂಬ ಬಿಳಿ ಹುಡಿ ಬಂತು.

ಏಣಿಯ ಮೇಲಿಂದಲೇ ಕೈ ಕೆಳಗೆ ಚಾಚಿದೆ. ಏಣಿ ಹಿಡಿದಿದ್ದ ಗಾರೆ ಮೇಸ್ತ್ರಿ ಆ ಹುಡಿಯನ್ನು ಅಂಗೈಗೆ ಉದುರಿಸಿಕೊಂಡು, ಎರಡು ಬೆರಳಲ್ಲಿ ತಿಕ್ಕಿ, ಮೂಸಿ, ಕೊನೆಗೆ ನಾಲಿಗೆಗೂ ಹಚ್ಚಿಕೊಂಡರು. ನಲವತ್ತು ವರ್ಷ ಗೋಡೆಗಳ ಜೊತೆ ಸಂಸಾರ ಮಾಡಿದವರು. ಅವರ ನಾಲಿಗೆಯ ಮೇಲೆ ನನಗೆ ಪೂರ್ತಿ ನಂಬಿಕೆ.

“ಇದು ನನ್ನ ಗಾರೆ ಅಲ್ಲ, ಮೈಕಕ್ಕ,” ಎಂದರು.

ಮೈಕಕ್ಕ ಎಂದರೆ ನಾನೇ. ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಎಷ್ಟು ತಡ ಎಂದು ಇಪ್ಪತ್ತೆರಡು ವರ್ಷದಿಂದ ಈ ಸ್ಟೇಷನ್ನಿನ ಮೈಕಿನಲ್ಲಿ ಹೇಳುವವಳು. ಪತ್ತೇದಾರಿಕೆ ನನ್ನ ಕಸುಬಲ್ಲ, ನನ್ನ ಅಪ್ಪನ ಕಸುಬೂ ಅಲ್ಲ. ಹತ್ತು ದಿನದ ಹಿಂದೆ, ಮಂಗಳವಾರ, ನನ್ನ ಅಣ್ಣ ಇದೇ ಹಾಲ್‌ನ ಗಡಿಯಾರದ ಹಿಂದಿರುವ ಕಬ್ಬಿಣದ ಸುತ್ತುಮೆಟ್ಟಿಲ ಬುಡದಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಅದಾದ ಮೇಲೆ ನಾನು ಊರಿಗೆಲ್ಲ ಬೇಡದ ಪ್ರಶ್ನೆ ಕೇಳುತ್ತ ತಿರುಗುತ್ತಿದ್ದೇನೆ.

ರೈಲ್ವೆ ಪೊಲೀಸ್ ಇನ್ಸ್‌ಪೆಕ್ಟರ್ ಕೆಟ್ಟವರಲ್ಲ, ಸೋಮಾರಿ ಅಷ್ಟೆ. ಸಂಜೆ ಐದಕ್ಕೆ ಫೈಲು ಮುಚ್ಚುತ್ತೇನೆ, ‘ಸ್ವಂತ ಅಜಾಗರೂಕತೆಯಿಂದ ಸಾವು’ ಎಂದು ಬರೆದಾಗಿದೆ, ಅಷ್ಟರೊಳಗೆ ಏನಾದರೂ ತಂದರೆ ನೋಡೋಣ ಎಂದಿದ್ದರು. ಅಜಾಗರೂಕತೆಯಂತೆ. ನನ್ನ ಅಣ್ಣ ಮನೆಯಲ್ಲಿ ಬಲ್ಬು ಬದಲಾಯಿಸಬೇಕಾದರೆ ಸ್ಟೂಲು ಹಿಡಿಯಲು ಇಬ್ಬರನ್ನು ಕರೆಯುತ್ತಿದ್ದ. ಮೂರನೆಯವರು ಸ್ವಿಚ್ಚಿನ ಹತ್ತಿರ ಕಾವಲು ನಿಲ್ಲಬೇಕಿತ್ತು. ಅಂಥವನ ಹೆಸರಿನ ಮುಂದೆ ಆ ಒಂದು ಪದ ಕೂರುವುದನ್ನು ನಾನು ನೋಡಲಾರೆ. ಬೇರೇನೂ ಬೇಡ ನನಗೆ.

ಗಡಿಯಾರ ಎರಡು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ದಿನವೂ ಎರಡರಿಂದ ಮೂರರವರೆಗೆ ಹಾಲ್ ತೊಳೆಯಲು ಜನರನ್ನು ಹೊರಗೆ ಕಳಿಸುತ್ತಾರೆ. ಇಡೀ ದಿನದಲ್ಲಿ ಆ ಒಂದು ಗಂಟೆ ಮಾತ್ರ ಇಲ್ಲಿ ನೆಲ ಕಾಣುತ್ತದೆ. ನೀರಿನ ಪೈಪು ಹಿಡಿದ ಹೆಂಗಸರು ನಮ್ಮತ್ತ ತಿರುಗಿಯೂ ನೋಡಲಿಲ್ಲ. ತಲೆಯ ಮೇಲೆ ಹಳದಿ ಹೆಲ್ಮೆಟ್ ಇದ್ದರೆ ಇಲ್ಲಿ ಗಡಿಯಾರವನ್ನೇ ಕಿತ್ತು ಹೊತ್ತುಕೊಂಡು ಹೋದರೂ ಯಾರೂ ಕೇಳುವುದಿಲ್ಲ.

ಹಾಲ್‌ಗೂ ಒಂದನೆಯ ಪ್ಲಾಟ್‌ಫಾರ್ಮಿಗೂ ನಡುವೆ ಈ ದಪ್ಪ ಇಟ್ಟಿಗೆ ಗೋಡೆ ಇದೆ. ನೂರಾ ಮೂವತ್ತು ವರ್ಷದ್ದು. ಅದಕ್ಕೆ ಒಂದೇ ಬಾಗಿಲು. ಬೆಳಿಗ್ಗೆ ಇಡೀ ಊರು ಆ ಬಾಗಿಲಲ್ಲಿ ತೂರಿಕೊಂಡು ಹೋಗಬೇಕು. ಸ್ಟೇಷನ್ ಸುಧಾರಣೆಯ ಯೋಜನೆಯಲ್ಲಿ ಮೊದಲ ಕೆಲಸವೇ ಇಲ್ಲಿ ಎರಡನೆಯ ಬಾಗಿಲು ಕೊರೆಯುವುದು. ಗೋಡೆ ತಡೆಯುತ್ತದೋ ಇಲ್ಲವೋ ನೋಡುವುದು ಅಣ್ಣನ ಕೆಲಸವಾಗಿತ್ತು.

ಅದನ್ನು ನೋಡುವ ರೀತಿ ಬಲು ಹಳೆಯದು. ಗೋಡೆಯಲ್ಲಿ ಎಲ್ಲೆಲ್ಲಿ ಬಿರುಕಿದೆಯೋ ಅಲ್ಲಲ್ಲಿ, ಬಿರುಕಿಗೆ ಅಡ್ಡಲಾಗಿ, ಬೆರಳುದ್ದದ ತೆಳು ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಗಾರೆ ಮೆತ್ತುತ್ತಾರೆ. ಗಾರೆ ಹಸಿ ಇರುವಾಗ ಮೊಳೆಯಿಂದ ತಾರೀಕು ಗೀಚುತ್ತಾರೆ. ಗೋಡೆ ಒಂದು ಕೂದಲಷ್ಟು ಅಲುಗಿದರೂ ಗಾಜು ಬಿರಿಯುತ್ತದೆ. ಅಣ್ಣನೂ ಮೇಸ್ತ್ರಿಯೂ ಸೇರಿ ಮೂವತ್ತೆರಡು ಗಾಜು ಕೂರಿಸಿದ್ದರು. ಪ್ರತಿ ಸೋಮವಾರ ಅಣ್ಣ ಏಣಿ ಹತ್ತಿ ಒಂದೊಂದನ್ನೂ ನೋಡಿ ಚೀಟಿ ಬರೆದು ಮೇಲಿನ ಆಫೀಸಿಗೆ ಕೊಡುತ್ತಿದ್ದ. ಸ್ಟೇಷನ್ನಿನವರು ಅವನಿಗೆ ಬಿರುಕಪ್ಪ ಎಂದು ಹೆಸರಿಟ್ಟಿದ್ದರು. ಅವನಿಗೆ ಅದು ಇಷ್ಟವೇ ಆಗಿತ್ತು. ಫೋನೆತ್ತಿದರೆ “ಬಿರುಕಪ್ಪ ಮಾತಾಡ್ತಿದೀನಿ” ಎನ್ನುತ್ತಿದ್ದ.

ಮೇಸ್ತ್ರಿ ಹದಿನಾಲ್ಕನೆಯ ಗಾಜನ್ನೇ ದಿಟ್ಟಿಸುತ್ತಿದ್ದರು. ತಮ್ಮದು ಸುಣ್ಣ, ಮರಳಿನ ಗಾರೆ, ಇದು ಪೊಟ್ಟಣದಲ್ಲಿ ಬರುವ ಬಿಳಿ ಪ್ಲಾಸ್ಟರು ಎಂದರು. ಅದೂ ಸಾಲದು ಎಂಬಂತೆ, ಇಟ್ಟಿಗೆಯ ಮೇಲಿನ ಬಣ್ಣ ಕೆರೆಯದೆ ಬಣ್ಣದ ಮೇಲೇ ಮೆತ್ತಿದ್ದಾರೆ, ಇದು ನಾಳೆ ಗೋಡೆ ಮಗುಚಿಕೊಂಡರೂ ಬಿರಿಯುವುದಿಲ್ಲ, ಬಣ್ಣದ ಸಮೇತ ಉದುರುತ್ತದೆ ಎಂದರು. ಮೇಲೆ ಗೀಚಿದ್ದ ತಾರೀಕು ಮಾತ್ರ ಉಳಿದವುಗಳ ಹಾಗೆಯೇ ಇತ್ತು, ಕಳೆದ ವರ್ಷದ್ದು.

ಯಾರೋ ಹಳೆಯ ಗಾಜು ಕಿತ್ತು ಹೊಸದು ಇಟ್ಟಿದ್ದಾರೆ. ಅದು ನನಗೂ ಅರ್ಥವಾಯಿತು. ಆದರೆ ಹದಿನಾಲ್ಕು ಯಾಕೆ?

ನಾವು ಏಣಿ ಹಾಕಿದ್ದೇ ಹತ್ತೊಂಬತ್ತಕ್ಕಾಗಿ. ಅಣ್ಣ ಸಾಯುವ ಹಿಂದಿನ ದಿನ, ಸೋಮವಾರ, ಏಣಿಯಿಂದ ಇಳಿದವನೇ “ಹತ್ತೊಂಬತ್ತು ಹೋಯ್ತು ಮೇಸ್ತ್ರಿ” ಎಂದಿದ್ದನಂತೆ. ಮೇಸ್ತ್ರಿ ಇದನ್ನು ನಿನ್ನೆ ಚಹಾದಂಗಡಿಯಲ್ಲಿ ನನಗೆ ಹೇಳಿದರು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ್ದಕ್ಕೆ, ಯಾರೂ ಕೇಳಲೇ ಇಲ್ಲವಲ್ಲ ಎಂದರು. ಪುಣ್ಯಾತ್ಮ.

ಏಣಿ ಸರಿಸಿದೆವು. ಹದಿನೈದು, ಹದಿನಾರು, ಹದಿನೇಳು, ಹದಿನೆಂಟು ಸರಿ. ಹತ್ತೊಂಬತ್ತನೆಯದು ನೇರ ನೋಡಿದರೆ ಅದೂ ಸರಿ. ಮೇಸ್ತ್ರಿ ಹೇಳಿದ ಹಾಗೆ ಟಾರ್ಚನ್ನು ಪಕ್ಕಕ್ಕೆ ಹಿಡಿದು ಓರೆಯಾಗಿ ಬೆಳಕು ಬಿಟ್ಟೆ. ಗಾಜಿನ ನಡುವೆ, ಮೇಲಿನಿಂದ ಕೆಳಗಿನವರೆಗೆ, ಒಂದು ಎಳೆ ಹೊಳೆಯಿತು. ಉಗುರು ಆಡಿಸಿದರೆ ತಡೆಯಿತು.

ಅಣ್ಣ ಹೇಳಿದ್ದು ನಿಜ. ಗೋಡೆ ಅಲುಗಿದೆ. ಸಮಾಧಾನವಾಗಬೇಕಿತ್ತು, ಇಲ್ಲವೇ ಭಯವಾಗಬೇಕಿತ್ತು. ಎರಡೂ ಆಗಲಿಲ್ಲ. ಹತ್ತು ದಿನದಿಂದ ನನಗೆ ಹೀಗೆಯೇ. ಊಟ ಮಾಡುತ್ತೇನೆ, ಬಟ್ಟೆ ಒಗೆಯುತ್ತೇನೆ, ಮೈಕಿನ ಮುಂದೆ ಕೂತು ರೈಲುಗಳ ಹೆಸರು ಹೇಳುತ್ತೇನೆ. ಅಳು ಇನ್ನೂ ಬಂದಿಲ್ಲ. ಬಾರದಿರುವುದಕ್ಕೆ ನಾಚಿಕೆಯೂ ಆಗುತ್ತಿಲ್ಲ.

ಫೋನಿನಲ್ಲಿ ಎರಡೂ ಗಾಜಿನ ಚಿತ್ರ ತೆಗೆದೆ. ಬಿರಿದ ಗಾಜನ್ನು ಕೀಳಲು ಕೈ ಹಾಕಿದಾಗ ಮೇಸ್ತ್ರಿ ತಡೆದರು. ಗೋಡೆಯ ಮೇಲಿದ್ದರೆ ಅದು ಸಾಕ್ಷಿ, ನಿಮ್ಮ ಚೀಲಕ್ಕೆ ಬಿದ್ದರೆ ಬರೀ ಗಾಜಿನ ಚೂರು ಎಂದರು. ಹೌದಲ್ಲ ಎನ್ನಿಸಿ ಕೈ ಹಿಂದೆಗೆದೆ.

ಕೆಳಗಿಳಿದು ನಿಂತಾಗ ಮೇಸ್ತ್ರಿ ಗೋಡೆಯ ಆ ತುದಿಯಿಂದ, ಪಾರ್ಸೆಲ್ ಕೋಣೆಯ ಕಡೆಯಿಂದ, ಬೆರಳು ಮಡಚುತ್ತ ಬರುತ್ತಿದ್ದರು. ಟಿಕೆಟ್ ಕಿಟಕಿಯ ಕಡೆಯಿಂದ ನಾವು ಎಣಿಸಿದ ಹದಿನಾಲ್ಕನೆಯ ಗಾಜಿನ ಕೆಳಗೆ ಬಂದು ನಿಂತರು.

“ಆ ಕಡೆಯಿಂದ ಎಣಿಸಿದ್ರೆ ಇದೇ ಹತ್ತೊಂಬತ್ತು.”

“ಆ ಕಡೆಯಿಂದ ಯಾರು ಎಣಿಸ್ತಾರೆ ಮೇಸ್ತ್ರಿ? ಹಾಲ್‌ನಲ್ಲಿ ನಿಂತರೆ ಟಿಕೆಟ್ ಕಿಟಕಿಯೇ ಎಡಕ್ಕೆ ಬರೋದು.”

“ಹಾಲ್‌ನಲ್ಲಿ ನಿಂತೋರು ಎಣಿಸಲ್ಲ. ಕಾಗದದಲ್ಲಿ ನೋಡೋರು ಎಣಿಸ್ತಾರೆ. ನಕ್ಷೇಲಿ ಎಲ್ಲಾ ತಿರುಗಾ ಮುರುಗಾ ಇರುತ್ತೆ. ಪಾರ್ಸೆಲ್ ಕೋಣೆ ಎಡಕ್ಕಿರುತ್ತೆ.”

ಅಂದರೆ ಗಾಜು ಬದಲಾಯಿಸಿದವರಿಗೆ ಹತ್ತೊಂಬತ್ತು ಎಂಬ ಸಂಖ್ಯೆ ಗೊತ್ತಿತ್ತು. ಗೋಡೆ ಗೊತ್ತಿರಲಿಲ್ಲ. ಗಟ್ಟಿಯಾಗಿದ್ದ ಗಾಜನ್ನು ಕಿತ್ತು ಎಸೆದು, ಬಿರಿದದ್ದನ್ನು ಹಾಗೆಯೇ ಬಿಟ್ಟು ಹೋಗಿದ್ದಾರೆ.

“ಈ ಬಿಳಿ ಪ್ಲಾಸ್ಟರು ಯಾರ ಹತ್ರ ಇರುತ್ತೆ?”

ಮೇಸ್ತ್ರಿ ಗಡಿಯಾರದ ಮೇಲಿನ ಸಾಲು ಕಿಟಕಿಗಳ ಕಡೆ ಗಲ್ಲ ಎತ್ತಿ ತೋರಿಸಿದರು. ಅಲ್ಲಿ ಯೋಜನೆಯ ಆಫೀಸು. ಈ ಪ್ಲಾಸ್ಟರಿನಲ್ಲೇ ಬೊಂಬೆ ಸ್ಟೇಷನ್ ಮಾಡಿ ಇಟ್ಟುಕೊಂಡಿದ್ದಾರೆ.

ಕಬ್ಬಿಣದ ಸುತ್ತುಮೆಟ್ಟಿಲನ್ನು ಅಣ್ಣ ಹೋದ ಮೇಲೆ ನಾನು ಹತ್ತಿದ್ದು ಅದೇ ಮೊದಲು. ನಲವತ್ತೊಂದು ಮೆಟ್ಟಿಲು. ಒಂದೊಂದಕ್ಕೂ ಹಿಡಿಕೆ ಇದೆ, ಒಂದೊಂದರ ಮೇಲೂ ಕಾಲು ಜಾರದಂತೆ ಉಬ್ಬು ಗೆರೆ ಹೊಯ್ದಿದ್ದಾರೆ. ಆರು ವರ್ಷ ದಿನಕ್ಕೆ ಹತ್ತು ಸಲ ಹತ್ತಿ ಇಳಿದ ಮೆಟ್ಟಿಲಲ್ಲಿ ಮನುಷ್ಯ ಜಾರುವುದು ಹೇಗೆ? ನಿಧಾನ ಹತ್ತಿದೆ. ನನ್ನ ಚಪ್ಪಲಿಯ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಆಫೀಸು ಮಾಡಿನಡಿಯ ಉದ್ದನೆಯ ಕೋಣೆ. ನಡುವೆ ದೊಡ್ಡ ಮೇಜು, ಅದರ ಮೇಲೆ ಇಡೀ ಸ್ಟೇಷನ್ನು, ಮೊಣಕೈ ಎತ್ತರ, ಬಿಳೀ ಪ್ಲಾಸ್ಟರಿನದು. ಮಾಡು ಎತ್ತಿದರೆ ಹಾಲ್ ಕಾಣುತ್ತದೆ. ಹಾಲ್ ತುಂಬ ಕಡ್ಡಿಯಷ್ಟು ಗಾತ್ರದ ಮನುಷ್ಯರು. ಅವರಿಗೆ ಓಡಾಡಲು ಎರಡು ಬಾಗಿಲಿದ್ದವು.

ಈ ಕೋಣೆಯಲ್ಲಿ ಮೂರೇ ಜನ ಕೆಲಸ ಮಾಡುತ್ತಿದ್ದರು. ಮೂಲೆಯ ಮೇಜು ಅಣ್ಣನದು. ಕಿಟಕಿಯ ಪಕ್ಕದ್ದು ಅತ್ತಿಗೆಯದು, ಅಣ್ಣನ ಹೆಂಡತಿ, ಇಲ್ಲಿನ ನಕ್ಷೆಗಾರ್ತಿ. ಇಬ್ಬರೂ ಪರಿಚಯವಾಗಿ ಮದುವೆಯಾದದ್ದು ಈ ಎರಡು ಮೇಜಿನ ನಡುವೆಯೇ. ಈಗ ಅತ್ತಿಗೆ ರಜೆಯಲ್ಲಿದ್ದಾರೆ. ಆ ಮಂಗಳವಾರವೂ ಜ್ವರ ಎಂದು ಮನೆಯಲ್ಲೇ ಇದ್ದರು. ಸುದ್ದಿ ಮುಟ್ಟಿಸಲು ನಾನೇ ಫೋನು ಮಾಡಿದ್ದೆ. ಮೂರನೆಯವರು ಯೋಜನೆಯ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ಪ್ಲಾನ್ ಸಾಹೇಬರು. ನಾನು ಹೋದಾಗ ಅವರೊಬ್ಬರೇ ಇದ್ದರು.

ದೊಡ್ಡ ದೇಹ, ಸಣ್ಣ ದನಿ. ಪೆನ್ಸಿಲಿನ ಹಿಂಭಾಗ ಕಚ್ಚುವ ಚಾಳಿ. ಕೂರಿ ಎಂದರು, ಚಹಾ ತರಿಸಲೇ ಎಂದರು. ನಾನು ಎರಡೂ ಬೇಡ ಎಂದೆ. ಸೋಮವಾರ ಮೇಲಿನವರ ಸಭೆ ಇದೆ, ಎರಡನೆಯ ಬಾಗಿಲಿಗೆ ಒಪ್ಪಿಗೆ ಸಿಗುತ್ತದೆ, ಬಿರುಕಪ್ಪನ ಹೆಸರನ್ನೂ ವರದಿಯಲ್ಲಿ ಮೊದಲ ಪುಟಕ್ಕೇ ಹಾಕಿಸುತ್ತೇನೆ ಎಂದರು. ದನಿಯಲ್ಲಿ ಬೆಣ್ಣೆ ಇತ್ತು, ಆದರೆ ಕಣ್ಣು ಕೆಂಪಗಿತ್ತು.

ನಾನು ಮೊದಲೇ ಲೆಕ್ಕ ಹಾಕಿಕೊಂಡು ಬಂದಿದ್ದೆ. ಈ ಮನುಷ್ಯನಿಗೆ ಬಾಗಿಲು ಬೇಕು. ಗಾಜು ಬಿರಿದಿದೆ ಎಂದು ಚೀಟಿ ಬಂದರೆ ಬಾಗಿಲು ಹೋಯಿತು. ಚೀಟಿ ಬರೆಯುವವನು ಮೆಟ್ಟಿಲಿನಿಂದ ಬಿದ್ದ. ಇನ್ನೇನು ಬೇಕು?

“ಸರ್, ಒಂದು ಸಣ್ಣ ವಿಷಯ. ಅಣ್ಣನ ಹತ್ತೊಂಬತ್ತನೇ ಗಾಜು ಎಲ್ಲಿ ಬರುತ್ತೆ, ನಕ್ಷೇಲಿ ತೋರಿಸ್ತೀರಾ?”

ಗೋಡೆಯ ಮೇಲೆ ನಾಲ್ಕು ಮೊಳ ಉದ್ದದ ನಕ್ಷೆ ಇತ್ತು. ಪ್ಲಾಟ್‌ಫಾರ್ಮು ಕೆಳಗೆ, ಹಾಲ್ ಮೇಲೆ, ನಡುವೆ ಗೋಡೆ. ಗೋಡೆಯುದ್ದಕ್ಕೂ ಮೂವತ್ತೆರಡು ಕೆಂಪು ಚುಕ್ಕಿ. ಬರೀ ಚುಕ್ಕಿ, ಅಂಕಿ ಇಲ್ಲ. ಸಂಖ್ಯೆ ಗೋಡೆಯದು, ಕಾಗದದ್ದಲ್ಲ ಎಂದು ಅಣ್ಣ ಹಟ ಮಾಡಿ ಅಂಕಿ ಹಾಕಿಸಿರಲಿಲ್ಲ.

ಸಾಹೇಬರು ಎದ್ದರು. ನಕ್ಷೆಯ ಎಡ ತುದಿಯತ್ತ ನಡೆದರು. ಅವರು ಎಡ ತುದಿಯನ್ನು ದಾಟಿ, ಮೇಜಿನ ಮೇಲಿದ್ದ ಕನ್ನಡಕ ಎತ್ತಿಕೊಂಡು, ವಾಪಸು ಬಂದು, ಬಲ ತುದಿಯಲ್ಲಿ ನಿಂತು, ಅಲ್ಲಿಂದ ಎಡಕ್ಕೆ ಎಣಿಸಿದರು. ಬೆರಳು ಸರಿಯಾಗಿ ಬಿರಿದ ಗಾಜಿನ ಚುಕ್ಕಿಯ ಮೇಲೆ ನಿಂತಿತು.

“ಇಲ್ಲಿ. ಟಿಕೆಟ್ ಕಿಟಕಿ ಕಡೆಯಿಂದ ಎಣಿಸಬೇಕು. ಮೊದಲ ವಾರ ನಾನೂ ತಪ್ಪು ಮಾಡಿದ್ದೆ. ನಿಮ್ಮಣ್ಣ ನನ್ನ ಕೈ ಹಿಡಿದು ಕೆಳಗೆ ಕರಕೊಂಡು ಹೋಗಿ, ಗೋಡೆ ಮುಂದೆ ನಿಲ್ಲಿಸಿ, ಒಂದನೇ ಕ್ಲಾಸಿನ ಹುಡುಗನ ಹಾಗೆ ಮೂವತ್ತೆರಡೂ ಎಣಿಸಿದ್ದ. ಯಾಕೆ ಕೇಳ್ತೀರಿ?”

ನನ್ನ ಲೆಕ್ಕ ನೀರಿನಲ್ಲಿ ಹೋಮವಾಯಿತು. ಸುಳ್ಳು ಹೇಳುವವರು ಅಷ್ಟು ಸಲೀಸಾಗಿ ತಮ್ಮ ಪೆದ್ದುತನ ಹೇಳಿಕೊಳ್ಳುವುದಿಲ್ಲ. ಸುತ್ತು ಹಾಕಿ ಪ್ರಯೋಜನವಿರಲಿಲ್ಲ. ಫೋನು ತೆಗೆದು ಎರಡು ಚಿತ್ರವನ್ನೂ ತೋರಿಸಿದೆ.

ಸಾಹೇಬರು ಬಹಳ ಹೊತ್ತು ನೋಡಿದರು. ಚಿತ್ರವನ್ನು ಹಿಗ್ಗಿಸಿ ನೋಡಿದರು. ಆಮೇಲೆ ಬೊಂಬೆ ಸ್ಟೇಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು.

“ಇದು ಆಗಲ್ಲ. ಸೋಮವಾರದ ಚೀಟಿ ನನ್ನ ಹತ್ರ ಇದೆ.”

“ಚೀಟಿ ಇದೆಯಾ?”

“ಇಲ್ಲದೆ? ಅವನೇ ತಂದು ಕೊಟ್ಟ. ಆವತ್ತು ಯಾಕೋ ನಿಲ್ಲಲಿಲ್ಲ, ಮೇಜಿನ ಮೇಲಿಟ್ಟು ಹೊರಟುಬಿಟ್ಟ.”

ಬೀರುವಿನಿಂದ ಫೈಲು ತೆಗೆದು ನನ್ನ ಮುಂದೆ ಹಿಡಿದರು. ಅಂಗೈಯಗಲದ ಚೀಟಿ. ‘ಮೂವತ್ತೆರಡು ಗಾಜು ನೋಡಿದ್ದೇನೆ. ಎಲ್ಲವೂ ಸರಿ ಇವೆ.’ ಕೆಳಗೆ ಸಹಿ, ಸಹಿಯ ಕೆಳಗೆ ಒಂದು ಗೆರೆ.

ಯಾರೋ ಅವನ ಕೈಬರಹ ನಕಲು ಮಾಡಿದ್ದಾರೆ ಎಂದು ಹೇಳಲು ಬಾಯಿ ತೆರೆದೆ. ಆಗಲಿಲ್ಲ. ನನಗೆ ಅಕ್ಷರ ಕಲಿಸಿದವನೇ ಅವನು. ಅವನ ಅಕ್ಷರ ನನಗೆ ಗೊತ್ತಾಗುವುದಿಲ್ಲವೇ? ನೀಲಿ ಶಾಯಿ, ಹಿಂದಕ್ಕೆ ವಾಲಿದ ಸಾಲು, ಒತ್ತಿ ಬರೆದ ಕೊನೆಯ ಪದ. ಅವನೇ ಬರೆದದ್ದು.

ಸೋಮವಾರ ಏಣಿಯಿಂದ ಇಳಿದು ಮೇಸ್ತ್ರಿಗೆ ಹತ್ತೊಂಬತ್ತು ಹೋಯಿತು ಎಂದವನು, ನಲವತ್ತೊಂದು ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲವೂ ಸರಿ ಎಂದು ಬರೆದಿದ್ದ.

ಯಾರಾದರೂ ಹೆದರಿಸಿ ಬರೆಸಿರಬೇಕು ಎಂದೆ. ಸಾಹೇಬರು ತಲೆ ಅಲ್ಲಾಡಿಸಿದರು. ಬಿರುಕಪ್ಪನನ್ನು ಹೆದರಿಸುವುದು ಬಿಡಿ, ಒಂದು ಪದ ತಿದ್ದಿಸಲು ತಮಗೆ ಆರು ವರ್ಷದಲ್ಲಿ ಸಾಧ್ಯವಾಗಿಲ್ಲ ಎಂದರು.

ಹಾಲ್ ಮುಚ್ಚಿಸಿ ಎಂದೆ. ಐದೂವರೆಯಿಂದ ಸಂಜೆಯ ಜನ ನುಗ್ಗುತ್ತಾರೆ, ಆ ಗೋಡೆಗೇ ಒರಗಿ ನಿಲ್ಲುತ್ತಾರೆ ಎಂದೆ. ಅವರು ಪೆನ್ಸಿಲು ಬಾಯಿಗಿಟ್ಟರು, ತೆಗೆದರು.

“ನಿಮ್ಮ ಫೋನಿನ ಚಿತ್ರಕ್ಕೆ ಸ್ಟೇಷನ್ ಮುಚ್ಚಲ್ಲಮ್ಮ. ಮುಚ್ಚೋಕೆ ಕಾಗದ ಬೇಕು. ನನ್ನ ಹತ್ರ ಇರೋ ಕಾಗದ ಎಲ್ಲಾ ಸರಿ ಅಂತಿದೆ. ಪೊಲೀಸು ಕೇಸಲ್ಲಿ ಬರ್ಕೊಂಡರೆ ಬೇರೆ ಮಾತು. ಆಗ ನಾನೇ ಹೋಗಿ ಹಗ್ಗ ಕಟ್ಟಿಸ್ತೀನಿ. ಬಾಗಿಲು ಸತ್ತುಹೋಗುತ್ತೆ, ಹೋಗಲಿ.”

ಎರಡನೆಯ ಬಾಗಿಲು ಬೇಕೇ ಬೇಕು ಎಂದು ಅವರು ಆಮೇಲೂ ಹೇಳುತ್ತಲೇ ಇದ್ದರು. ಬೆಳಿಗ್ಗೆ ಒಂದು ಗಂಟೆಯಲ್ಲಿ ಆ ಬಾಗಿಲಲ್ಲಿ ಹನ್ನೊಂದು ಸಾವಿರ ಜನ ಹೋಗುತ್ತಾರಂತೆ. ಹೋದ ವರ್ಷ ನೂಕುನುಗ್ಗಲಲ್ಲಿ ಒಬ್ಬ ಬಸುರಿಯ ಪಕ್ಕೆಲುಬು ಮುರಿದಿತ್ತಂತೆ. ತಮಗೆ ಇನ್ನು ನಾಲ್ಕು ತಿಂಗಳ ಸರ್ವಿಸ್ ಉಳಿದಿದೆಯಂತೆ. ನನ್ನ ಕಿವಿಗೆ ಅರ್ಧ ಬಿತ್ತು, ಅರ್ಧ ಬೀಳಲಿಲ್ಲ. ನಾನು ಬೊಂಬೆ ಸ್ಟೇಷನ್ನಿನ ಮೇಜಿನ ಕೆಳಗೆ ನೋಡುತ್ತಿದ್ದೆ. ಅಲ್ಲಿ ಬಿಳಿ ಪ್ಲಾಸ್ಟರಿನ ಚೀಲವಿತ್ತು, ಬಾಯಿ ಸುತ್ತಿ ಕ್ಲಿಪ್ಪು ಹಾಕಿತ್ತು.

“ಸರ್, ಈ ಕೋಣೇಲಿ ಎಡಗಡೆಯಿಂದ ಎಣಿಸೋರು ಯಾರು?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ನಕ್ಷೆ ಬರೆದೋರು ನಕ್ಷೆ ಹಾಗೇ ಎಣಿಸ್ತಾರೆ. ಆರು ವರ್ಷ ಕಾಗದದ ಮೇಲೇ ಕಣ್ಣಿಟ್ಟೋರು ಗೋಡೆ ಮುಂದೆ ಹೋಗಿ ಎಲ್ಲಿ ನಿಲ್ತಾರೆ? ಬೊಂಬೆ ಮಾಡೋದೂ ಅವರೇ.”

ಕಿಟಕಿಯ ಪಕ್ಕದ ಮೇಜಿಗೆ ಧೂಳು ಕೂರದಂತೆ ಬಟ್ಟೆ ಹೊದಿಸಿದ್ದರು. ಹೊದಿಸಿದ್ದು ಸಾಹೇಬರೇ ಇರಬೇಕು, ಒಂದು ಮೂಲೆ ನೆಲಕ್ಕೆ ತಾಗುತ್ತಿತ್ತು. ನಾನು ಅದನ್ನು ಸರಿಮಾಡಿ ಹೊರಟೆ. ಯಾಕೆ ಸರಿಮಾಡಿದೆನೋ ಗೊತ್ತಿಲ್ಲ.

ಇಳಿಯುವಾಗ ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ತಲೆಯೊಳಗೆ ಏನೂ ಇರಲಿಲ್ಲ. ಹಾಲ್ ಮತ್ತೆ ತೆರೆದು, ಒಣಗದ ನೆಲದ ಮೇಲೆ ಜನ ಓಡಾಡುತ್ತಿದ್ದರು. ಹತ್ತೊಂಬತ್ತನೆಯ ಗಾಜಿನ ಕೆಳಗೆ ಒಂದು ಸಂಸಾರ ಪೆಟ್ಟಿಗೆಗಳ ಮೇಲೆ ಕೂತು ಊಟ ಮಾಡುತ್ತಿತ್ತು. ಅವರನ್ನು ಎಬ್ಬಿಸಿ, ಗೋಡೆಯಿಂದ ಆಚೆ ಕೂರಿ ಎಂದೆ. ಯಜಮಾನರು ಇಲ್ಲಿ ಗಾಳಿ ಚೆನ್ನಾಗಿದೆ ಎಂದರು. ಗದರಿದೆ. ಗೊಣಗುತ್ತ ಎದ್ದು ಹೋದರು. ನಾನು ಬೆನ್ನು ತಿರುಗಿಸುವಷ್ಟರಲ್ಲಿ ಬೇರೆ ಮೂವರು ಬಂದು ಅಲ್ಲೇ ಕೂತರು.

ಪೊಲೀಸ್ ಠಾಣೆ ಎರಡನೆಯ ಪ್ಲಾಟ್‌ಫಾರ್ಮಿನ ತುದಿಯಲ್ಲಿದೆ. ನಾಲ್ಕೂ ಮುಕ್ಕಾಲಿಗೆ ಅಲ್ಲಿ ಹೋದಾಗ ಹೊರಗಿನ ಬೆಂಚಿನ ಮೇಲೆ ಅತ್ತಿಗೆ ಕೂತಿದ್ದರು. ಫೈಲು ಮುಚ್ಚಲು ಮನೆಯವರು ತಕರಾರಿಲ್ಲ ಎಂದು ಸಹಿ ಹಾಕಬೇಕು. ಹೆಂಡತಿಯದೊಂದು, ತಂಗಿಯದೊಂದು.

ಅತ್ತಿಗೆ ಸೊರಗಿಹೋಗಿದ್ದರು. ತಲೆ ಬಾಚಿದ್ದರು, ಸೀರೆ ಇಸ್ತ್ರಿ ಮಾಡಿದ್ದಿತ್ತು, ಆದರೂ ಒಳಗೆ ಮನುಷ್ಯರೇ ಇಲ್ಲದ ಹಾಗಿತ್ತು. ಕನ್ನಡಿಯಲ್ಲಿ ನಾನೂ ಹಾಗೇ ಕಾಣುತ್ತಿದ್ದೇನೆ. ಪಕ್ಕದಲ್ಲಿ ಕೂತೆ. ಊಟ ಆಯಿತಾ ಎಂದು ಕೇಳಿದರು. ಆಯಿತು ಎಂದೆ. ನನ್ನದೂ ಆಯಿತು ಎಂದರು. ಇಬ್ಬರೂ ಮಾಡಿರಲಿಲ್ಲ.

ಹೇಗೆ ಶುರು ಮಾಡುವುದೆಂದು ಗೊತ್ತಾಗದೆ ಫೋನು ತೆಗೆದು ಅವರ ತೊಡೆಯ ಮೇಲಿಟ್ಟೆ. ಮೊದಲು ಬಿಳಿ ಪ್ಲಾಸ್ಟರಿನ ಗಾಜು. ಆಮೇಲೆ ಬಿರಿದ ಗಾಜು. ಎರಡೂ ಎಲ್ಲೆಲ್ಲಿವೆ ಎಂದು ಹೇಳಿದೆ. ಯಾವ ಕಡೆಯಿಂದ ಎಣಿಸಬೇಕಿತ್ತು ಎಂಬುದನ್ನೂ ಹೇಳಿದೆ.

ಅತ್ತಿಗೆ ಎರಡನೆಯ ಚಿತ್ರದ ಮೇಲೆ ಹೆಬ್ಬೆರಳು ಆಡಿಸಿದರು. ನಕ್ಷೆ ತಪ್ಪಾದಾಗ ಅವರು ಮಾಡುತ್ತಿದ್ದ ಒಂದು ಸಣ್ಣ ಶಬ್ದವಿದೆ, ನಾಲಿಗೆಯಿಂದ. ಅದನ್ನು ಮಾಡಿದರು.

“ಆ ಕಡೆಯಿಂದ ಎಣಿಸಬೇಕಿತ್ತಾ?”

“ಹೌದು ಅತ್ತಿಗೆ.”

“ನನಗೆ ಹೇಳಲೇ ಇಲ್ಲ ಅವರು. ಹತ್ತೊಂಬತ್ತು ಅಂದರು, ಅಷ್ಟೇ.”

ರೈಲೊಂದು ಬಂತು, ನಿಂತಿತು, ಜನ ಇಳಿದರು. ಮೈಕಿನಲ್ಲಿ ನನ್ನ ಬದಲಿಯವಳು ಪ್ಲಾಟ್‌ಫಾರ್ಮಿನ ಸಂಖ್ಯೆ ಹೇಳುತ್ತಿದ್ದಳು. ನಾನು ಅತ್ತಿಗೆಯ ಮಾತು ಇನ್ನೊಮ್ಮೆ ಮನಸ್ಸಿನೊಳಗೆ ಹೇಳಿಕೊಂಡೆ.

“ಅವರು ಅಂದರೆ ಯಾರು?”

“ನಿನ್ನಣ್ಣ ಕಣೇ. ಇನ್ಯಾರು? ಸೋಮವಾರ ಮಧ್ಯಾಹ್ನ, ಚೀಟಿ ಕೊಟ್ಟು ಬಂದ ಮೇಲೆ. ಚೀಟಿಯಲ್ಲಿ ಸರಿ ಅಂತ ಬರೆದುಬಿಟ್ಟಿದೀನಿ, ಗಾಜು ನೀನು ಬದಲಾಯಿಸು, ಅದು ನನ್ನ ಕೈಯಲ್ಲಿ ಆಗಲ್ಲ ಅಂದರು. ಹಾಲ್ ತೊಳೆಯೋ ಹೊತ್ತಿಗೆ ಹೆಲ್ಮೆಟ್ ಹಾಕ್ಕೊಂಡು ಹೋದೆ. ಯಾರೂ ಕೇಳಲಿಲ್ಲ.”

“ಅಣ್ಣ ಹಾಗೆ ಮಾಡಲ್ಲ.”

“ಮಾಡಲ್ಲ. ನಾನು ಅತ್ತುಬಿಟ್ಟೆ, ಅದಕ್ಕೆ ಮಾಡಿದರು. ಆ ಬಾಗಿಲು ಆರು ವರ್ಷದಿಂದ ನಾನು ಬರೆದಿದ್ದು. ಈ ಜನ್ಮದಲ್ಲಿ ನನ್ನದು ಅಂತ ಒಂದು ಬಾಗಿಲಾದರೂ ಇರಲಿ ಅಂದೆ. ಆರು ವರ್ಷದಲ್ಲಿ ಒಂದೇ ಸಲ ಕೇಳಿದ್ದು ನಾನು.”

ಅಜಾಗರೂಕತೆ ಎಂಬ ಒಂದು ಪದ ಅಳಿಸಲು ನಾನು ಹತ್ತು ದಿನ ಅಲೆದಿದ್ದೆ. ಈಗ ಅದನ್ನು ಅಳಿಸುವ ಸಾಕ್ಷಿ ನನ್ನ ಫೋನಿನಲ್ಲಿತ್ತು. ಅದನ್ನು ಕೊಟ್ಟರೆ ಆ ಪದ ಹೋಗುತ್ತದೆ, ಅದರ ಜಾಗದಲ್ಲಿ ಸುಳ್ಳುಗಾರ ಎಂದು ಬರುತ್ತದೆ. ಸಾವಿರಾರು ಜನ ಓಡಾಡುವ ಗೋಡೆಯ ವಿಷಯದಲ್ಲಿ, ತನ್ನ ಕೈಯಾರೆ ಸುಳ್ಳು ಬರೆದವನು. ಕೊಡದಿದ್ದರೆ ಅವನು ಬರೀ ಕಾಲು ಜಾರಿದ ಪಾಪದ ಮನುಷ್ಯನಾಗಿ ಉಳಿಯುತ್ತಾನೆ. ನನ್ನ ಅಣ್ಣನ ಮೇಲೆ ನನಗೆ ಸಿಟ್ಟು ಬಂತು. ಹತ್ತು ದಿನದಲ್ಲಿ ಮೊದಲ ಸಲ ನನಗೆ ಏನಾದರೂ ಬಂದದ್ದು ಅದು.

“ಸಹಿ ಹಾಕಿಬಿಡೋಣ,” ಎಂದರು ಅತ್ತಿಗೆ. “ಹೆಸರಾದರೂ ಉಳಿಯುತ್ತೆ.”

ಒಳಗಿನಿಂದ ಇನ್ಸ್‌ಪೆಕ್ಟರ್ ಕರೆದರು. ಹೋದೆವು. ಮೇಜಿನ ಮೇಲೆ ಫೈಲು ತೆರೆದಿತ್ತು, ಪೆನ್ನಿನ ಮುಚ್ಚಳ ತೆಗೆದಿಟ್ಟಿದ್ದರು. ಅತ್ತಿಗೆಗೆ ಕುರ್ಚಿ ತೋರಿಸಿ, ನನ್ನತ್ತ ನೋಡಿ, ಅರ್ಧ ತಮಾಷೆಗೆ, ಅರ್ಧ ಕನಿಕರಕ್ಕೆ ಕೇಳಿದರು.

“ಏನಮ್ಮ, ಏನಾದರೂ ಸಿಕ್ಕಿತಾ?”

ಅವರ ಹಿಂದಿನ ಕಿಟಕಿಯಿಂದ ಹಾಲ್‌ನ ಮಾಡು ಕಾಣುತ್ತಿತ್ತು. ಇನ್ನು ಮುಕ್ಕಾಲು ಗಂಟೆಗೆ ಸಂಜೆಯ ಜನ ಬರುತ್ತಾರೆ. ಅತ್ತಿಗೆ ಸಹಿಯ ಜಾಗದಲ್ಲಿ ಬೆರಳಿಟ್ಟು ಕಾಯುತ್ತಿದ್ದರು.

“ಸಿಕ್ಕಿದೆ ಸರ್. ಮೊದಲು ಹಾಲ್ ಖಾಲಿ ಮಾಡಿಸಿ. ಗೋಡೆ ಅಲುಗಿದೆ. ಅದು ಗೊತ್ತಿದ್ದೂ ಅಣ್ಣ ಸರಿ ಇದೆ ಅಂತ ಬರೆದ.”

ಹೇಳಿಬಿಟ್ಟೆ. ಫೋನನ್ನು ಫೈಲಿನ ಮೇಲಿಟ್ಟೆ. ಇನ್ಸ್‌ಪೆಕ್ಟರ್ ಚಿತ್ರ ನೋಡುತ್ತ ನೋಡುತ್ತ ನೆಟ್ಟಗೆ ಕೂತರು, ಹೊರಗಿದ್ದ ಪೇದೆಯನ್ನು ಕರೆದು ಪ್ಲಾನ್ ಸಾಹೇಬರಿಗೆ ಹಾಲ್‌ಗೆ ಬರಲು ಹೇಳು, ಹಗ್ಗ ತಾ ಎಂದರು. ಪೇದೆ ಓಡಿದ. ನಾನು ಅತ್ತಿಗೆಯ ಮುಖ ನೋಡಲಿಲ್ಲ.

ಅತ್ತಿಗೆ ಸಹಿಯ ಕಾಗದವನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು. ಪೆನ್ನನ್ನು ಇನ್ಸ್‌ಪೆಕ್ಟರ ಕೈಗೇ ಕೊಟ್ಟರು.

“ಹಾಗಾದರೆ ಇದನ್ನೂ ಬರ್ಕೊಳ್ಳಿ,” ಎಂದರು. “ಮಂಗಳವಾರ ನನಗೆ ಜ್ವರ ಇರಲಿಲ್ಲ. ಸಾಹೇಬರ ಹತ್ರ ಹೋಗಿ ನಿಜ ಹೇಳಿಬಿಡ್ತೀನಿ ಅಂತ ಅವರು ಆ ಮೆಟ್ಟಿಲು ಹತ್ತುತ್ತಿದ್ದರು. ತಡೆಯೋಕೆ ಹಿಂದಿನಿಂದ ಹಿಡಿದೆಳೆದೆ. ಅವರ ಅಂಗಿ ನನ್ನ ಕೈಯಲ್ಲಿತ್ತು.”